2⁶⁷ − 1 ಒಡೆಯುವ ಕೆಲಸ: ಹಂತ ಹಂತದ ಟಿಪ್ಪಣಿ

ಕೈಗೆತ್ತಿಕೊಂಡ ಸಂಖ್ಯೆ 2⁶⁷ − 1. ಬಿಡಿಸಿ ಬರೆದರೆ 147573952589676412927, ಒಟ್ಟು 21 ಅಂಕಿ. ನಮ್ಮ ಎಣಿಕೆಯಲ್ಲಿ ಹೇಳಿದರೆ 14 ಲಕ್ಷ 75 ಸಾವಿರದ 739 ಕೋಟಿ ಕೋಟಿ, ಮೇಲೊಂದಿಷ್ಟು ಚಿಲ್ಲರೆ. ಫ್ರಾನ್ಸಿನ ಮೆರ್ಸೆನ್ 1644ರಲ್ಲಿ ಕೊಟ್ಟ ಅವಿಭಾಜ್ಯಗಳ ಪಟ್ಟಿಯಲ್ಲಿ ಇದೂ ಇತ್ತು. ಆ ಪಟ್ಟಿಯಲ್ಲಿ 67 ಮತ್ತು 257 ಎಂಬ ಘಾತಗಳು ತಪ್ಪಾಗಿ ಸೇರಿದ್ದವು. 61, 89, 107 ಬಿಟ್ಟುಹೋಗಿದ್ದವು. ಇದು ಅವಿಭಾಜ್ಯವಲ್ಲ ಎಂದು ಲ್ಯೂಕಾ 1876ರಲ್ಲಿ ತೋರಿಸಿದರು, ಭಾಜಕ ಮಾತ್ರ ಅವರ ಕೈಗೆ ಸಿಗಲಿಲ್ಲ. ಅದನ್ನು 1903ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ನ ಸಭೆಯೊಂದರಲ್ಲಿ ಮುಂದಿಟ್ಟವರು ಫ್ರಾಂಕ್ ನೆಲ್ಸನ್ ಕೋಲ್: 193707721 × 761838257287.

ಉತ್ತರ ಗೊತ್ತಿರುವ ಸಂಖ್ಯೆಯನ್ನೇ ಆರಿಸಿದ್ದಕ್ಕೆ ಕಾರಣವಿದೆ. 64 ಬಿಟ್‌ನ ಪೆಟ್ಟಿಗೆಗೆ ಇದು ಬರೀ ಮೂರು ಬಿಟ್‌ಗಳಷ್ಟು ದೊಡ್ಡದು. ದೊಡ್ಡ ಸಂಖ್ಯೆಗಳ ಪ್ರೋಗ್ರಾಂ ಎಲ್ಲೆಲ್ಲಿ ಕೈಕೊಡಬಹುದೋ ಅಲ್ಲೆಲ್ಲ ಕೈಕೊಡುವುದನ್ನು ಈ ಒಂದೇ ಸಂಖ್ಯೆಯಲ್ಲಿ ನೋಡಬಹುದು.

ಬೇಕಾದ ಸಾಮಾನು: ಒಂದು ಸಾಧಾರಣ ಲ್ಯಾಪ್‌ಟಾಪ್ (ಪೈಥಾನ್ ಹಾಕಿದ ಮೊಬೈಲ್ ಆದರೂ ನಡೆಯುತ್ತದೆ), ವೇಗ ಬೇಕೆನಿಸಿದರೆ ಸಿ ಕಂಪೈಲರ್, ಅಂಗಡಿಯ ಎಂಟಂಕಿ ಕ್ಯಾಲ್ಕುಲೇಟರ್, ಒಂದು ಹಾಳೆ.

ಮೊದಲು ಹಾಳೆ ಮೇಲೆ: ಗುಣಾಕಾರದ ತಾಳೆ

ಕೋಲ್ ಅವರ ಗುಣಾಕಾರ ಸರಿಯೇ ಎಂದು ನೋಡಲು ಕಂಪ್ಯೂಟರ್ ಬೇಡ. ಎರಡೂ ಸಂಖ್ಯೆಗಳನ್ನು ಬಲದಿಂದ ಮೂರು ಮೂರು ಅಂಕಿಗಳ ತುಂಡು ಮಾಡಿ: 193 | 707 | 721 ಮತ್ತು 761 | 838 | 257 | 287. ಇಲ್ಲಿ ಲಕ್ಷ-ಕೋಟಿಯ ಅಲ್ಪವಿರಾಮ ಹಾಕಬೇಡಿ, ತುಂಡುಗಳು ಕಲಸಿಹೋಗುತ್ತವೆ. ಮೂರು ತುಂಡು ಸಲ ನಾಲ್ಕು ತುಂಡು, ಅಂದರೆ 12 ಸಣ್ಣ ಗುಣಾಕಾರ. ಸ್ಥಾನದ ಪ್ರಕಾರ ಕೂಡಿದರೆ ಬಲದಿಂದ ಎಡಕ್ಕೆ ಆರು ಮೊತ್ತಗಳು ಬರುತ್ತವೆ:

721×287 = 206927
721×257 + 707×287 = 388206
721×838 + 707×257 + 193×287 = 841288
721×761 + 707×838 + 193×257 = 1190748
707×761 + 193×838 = 699761
193×761 = 146873

ಈಗ ದಶಕ ಒಯ್ಯುವ ಹಾಗೆ ಸಾವಿರಗಳನ್ನು ಒಯ್ಯಬೇಕು. 206927ರಲ್ಲಿ 927 ಇಟ್ಟು 206 ಮುಂದಕ್ಕೆ, 388412ರಲ್ಲಿ 412 ಇಟ್ಟು 388 ಮುಂದಕ್ಕೆ, 841676, 1191589, 700952, ಕೊನೆಗೆ 147573. ಸಾಲಾಗಿ ಓದಿದರೆ 147 573 952 589 676 412 927. ನಡುವೆ ಬರುವ ಅತಿ ದೊಡ್ಡ ಮೊತ್ತ ಏಳಂಕಿಯದು, ಹಾಗಾಗಿ ಅಂಗಡಿಯ ಕ್ಯಾಲ್ಕುಲೇಟರ್ ಸಾಕು.

ತಪ್ಪಾದರೆ ಹಿಡಿಯಲು ಶಾಲೆಯಲ್ಲಿ ಕಲಿತ ಒಂಬತ್ತರ ತಾಳೆ ಸಾಲದು. ಅಕ್ಕಪಕ್ಕದ ಎರಡಂಕಿ ಅದಲುಬದಲಾದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ತುಂಡುಗಳು ಹೇಗೂ ಸಿದ್ಧವಿರುವುದರಿಂದ 999 ಮತ್ತು 1001ರ ತಾಳೆ ನೋಡುವುದೇ ಒಳ್ಳೆಯದು. 999ಕ್ಕೆ ತುಂಡುಗಳನ್ನು ಬರೀ ಕೂಡಿ: ಮೊದಲ ಸಂಖ್ಯೆ 1621, ಅಂದರೆ 622; ಎರಡನೆಯದು 2143, ಅಂದರೆ 145; 622×145 = 90190, ಅಂದರೆ 280. ಗುಣಲಬ್ಧದ ತುಂಡುಗಳ ಮೊತ್ತ 4276, ಅದೂ 280. 1001ಕ್ಕೆ ಬಲದಿಂದ ಒಂದು ಬಿಟ್ಟು ಒಂದನ್ನು ಕಳೆದು ಕೂಡಿ: 207 ಮತ್ತು 107; 207×107 = 22149, ಅಂದರೆ 149 − 22 = 127. ಗುಣಲಬ್ಧದಿಂದ ಬರುವುದು 1128, ಅದೂ 127. ಎರಡನ್ನೂ ಮಾಡಬೇಕು: ಎರಡು ಇಡೀ ತುಂಡುಗಳು ಜಾಗ ಬದಲಿಸಿದ್ದರೆ 999 ಸುಮ್ಮನಿರುತ್ತದೆ, ಪಕ್ಕಪಕ್ಕದ ತುಂಡುಗಳಾದರೆ 1001 ಹಿಡಿಯುತ್ತದೆ.

ಅವಿಭಾಜ್ಯವೇ? 2ನ್ನು ನಂಬಬೇಡಿ

ಭಾಜಕ ಹುಡುಕುವ ಮೊದಲು ಸಂಖ್ಯೆ ನಿಜಕ್ಕೂ ಒಡೆಯುತ್ತದೆಯೇ ಎಂದು ಪರೀಕ್ಷಿಸುವುದು ವಾಡಿಕೆ. ಬೇಗ ಆಗುವ ಪರೀಕ್ಷೆ ಫರ್ಮಾ ಅವರದು, ಇಲ್ಲವೇ ಅದರ ಬಿಗಿಯಾದ ರೂಪವಾದ ಮಿಲ್ಲರ್–ರಾಬಿನ್. ಆಧಾರವಾಗಿ (ಘಾತಕ್ಕೇರಿಸಿ ಶೇಷ ನೋಡುವ ಸಂಖ್ಯೆಯಾಗಿ) 2ನ್ನು ಕೊಟ್ಟರೆ ಎರಡೂ ಈ ಸಂಖ್ಯೆಯನ್ನು ಅವಿಭಾಜ್ಯದಂತೆ ಪಾಸು ಮಾಡಿಬಿಡುತ್ತವೆ. ಪ್ರೋಗ್ರಾಂನಲ್ಲಿ ದೋಷವಿಲ್ಲ, ಸಂಖ್ಯೆಯ ಗುಣವೇ ಹಾಗಿದೆ. ಸಂಖ್ಯೆಯಿಂದ 1 ಕಳೆದರೆ 2 × (2⁶⁶ − 1). ಫರ್ಮಾ ಪ್ರಮೇಯದಂತೆ 2⁶⁶ − 1 ಅನ್ನು 67 ಭಾಗಿಸುತ್ತದೆ. 2ರ 67ನೇ ಘಾತವನ್ನು ನಮ್ಮ ಸಂಖ್ಯೆಯಿಂದ ಭಾಗಿಸಿದರೆ ಶೇಷ 1, ಆದ್ದರಿಂದ 67ರ ಯಾವ ಗುಣಕಕ್ಕೆ ಏರಿಸಿದರೂ 1. ಘಾತ ಅವಿಭಾಜ್ಯವಾಗಿರುವ ಎಲ್ಲ ಮೆರ್ಸೆನ್ ಸಂಖ್ಯೆಗಳೂ (2ರ ಘಾತದಿಂದ 1 ಕಳೆದರೆ ಬರುವಂಥವು), ಒಡೆಯುವಂಥವೂ ಸೇರಿ, ಆಧಾರ 2ರ ಪರೀಕ್ಷೆಯಲ್ಲಿ ಹೀಗೆ ಪಾರಾಗುತ್ತವೆ. ಆಧಾರ 3 ಇಟ್ಟರೆ ಸುಳ್ಳು ಬಯಲಾಗುತ್ತದೆ.

ಅದಕ್ಕಿಂತ ಲ್ಯೂಕಾ–ಲೆಹ್ಮರ್ ಪರೀಕ್ಷೆಯನ್ನೇ ಬರೆಯುವುದು ಮೇಲು. ಅದು ಸಂಭವದ ಮಾತಲ್ಲ, ತೀರ್ಪು. 4ರಿಂದ ಆರಂಭಿಸಿ, ಪ್ರತಿ ಸಲ ವರ್ಗ ಮಾಡಿ 2 ಕಳೆದು ಶೇಷ ತೆಗೆಯಿರಿ. ಘಾತಕ್ಕಿಂತ ಎರಡು ಕಡಿಮೆ ಸಲ, ಅಂದರೆ ಇಲ್ಲಿ 65 ಸಲ. ಕೊನೆಗೆ 0 ಬಂದರೆ ಅವಿಭಾಜ್ಯ, ಬೇರೆ ಏನೇ ಬಂದರೂ ಅಲ್ಲ. ಮೊದಲು 2⁷ − 1 = 127ರ ಮೇಲೆ ಓಡಿಸಿ ನೋಡಿ: 4, 14, 67, 42, 111, 0. ಆಮೇಲೆ 2¹¹ − 1 = 2047ರ ಮೇಲೆ: 4, 14, 194, 788, 701, 119, 1877, 240, 282, 1736. ಈ ಎರಡು ಸಾಲೂ ಅಂಕಿಗೆ ಅಂಕಿ ಸರಿ ಬಂದ ಮೇಲೆಯೇ 67ಕ್ಕೆ ಹೋಗಿ. ಚಿಹ್ನೆಯಿಲ್ಲದ ಪೂರ್ಣಾಂಕದಲ್ಲಿ ಬರೆಯುವವರು ಶೇಷ 0 ಅಥವಾ 1 ಇದ್ದಾಗ 2 ಕಳೆಯುವುದನ್ನು ಮರೆಯುತ್ತಾರೆ. ಉತ್ತರ ಋಣವಾಗಬೇಕಾದ ಕಡೆ ಬೃಹತ್ ಧನಸಂಖ್ಯೆ ಬಂದು ಕೂರುತ್ತದೆ. ಕಳೆಯುವ ಮೊದಲು ಭಾಜಕವನ್ನೊಮ್ಮೆ ಕೂಡಿಟ್ಟರೆ ಮುಗಿಯಿತು. ಶೇಷ ತೆಗೆಯಲು ಭಾಗಾಕಾರವೂ ಬೇಡ: ಮೇಲಿನ ಬಿಟ್‌ಗಳನ್ನು 67 ಸ್ಥಾನ ಕೆಳಗಿಳಿಸಿ ಕೆಳಗಿನ 67 ಬಿಟ್‌ಗಳಿಗೆ ಕೂಡಿದರೆ ಸಾಕು. ದ್ವಿಮಾನದಲ್ಲಿ ಇದು ಸಾಲಾಗಿ 67 ಒಂದುಗಳಿರುವ ಸಂಖ್ಯೆ ಎನ್ನುವುದರಿಂದ ಬಂದ ಅನುಕೂಲ ಅದು.

ಭಾಜಕ ಹೇಗಿರಬೇಕು

ಕೆಲಸ ಹಗುರವಾಗುವುದು ಇಲ್ಲಿ. ವರ್ಗಮೂಲದವರೆಗೆ, ಅಂದರೆ 12148001999ರವರೆಗೆ, ಬೆಸ ಸಂಖ್ಯೆಗಳನ್ನೆಲ್ಲ ಹಾಕಿ ನೋಡುವುದಾದರೆ 607 ಕೋಟಿ ಭಾಗಾಕಾರ. ಅಷ್ಟು ಬೇಡ.

ಭ ಎಂಬ ಅವಿಭಾಜ್ಯ ಇದನ್ನು ಭಾಗಿಸಿದರೆ, ಭದ ಲೆಕ್ಕದಲ್ಲಿ (ಅಂದರೆ ಭದಿಂದ ಭಾಗಿಸಿ ಶೇಷ ಮಾತ್ರ ನೋಡಿದರೆ) 2ರ 67ನೇ ಘಾತ 1. 67 ತಾನೇ ಅವಿಭಾಜ್ಯವಾದ್ದರಿಂದ ಅದಕ್ಕಿಂತ ಮೊದಲು 1 ಬರಲು ಸಾಧ್ಯವಿಲ್ಲ. ಹಾಗಾಗಿ ಭ − 1 ಅನ್ನು 67 ಭಾಗಿಸಲೇಬೇಕು. ಭ ಬೆಸ, ಆದ್ದರಿಂದ 134 ಭಾಗಿಸಬೇಕು: ಭ = 134ಕ + 1. ಎರಡನೆಯ ನಿಯಮ: 2⁶⁷ = 1 ಆದರೆ 2⁶⁸ = 2, ಅಂದರೆ 2³⁴ರ ವರ್ಗ 2. ಹೀಗೆ 2 ತಾನೇ ಒಂದು ವರ್ಗಶೇಷವಾಯಿತು. ಅದಾಗಬೇಕಾದರೆ ಭವನ್ನು 8ರಿಂದ ಭಾಗಿಸಿದಾಗ 1 ಅಥವಾ 7 ಉಳಿಯಬೇಕು. 134ಕ + 1ಕ್ಕೆ ಹಾಕಿದರೆ, ಕವನ್ನು 4ರಿಂದ ಭಾಗಿಸಿದ ಶೇಷ 0 ಅಥವಾ 1 ಇರುವವು ಮಾತ್ರ ಉಳಿಯುತ್ತವೆ. ಅರ್ಧಕ್ಕರ್ಧ ಹೋಯಿತು.

ಘಾತ ಬದಲಿಸಿದಾಗ ಎಡವುವ ಜಾಗವೂ ಇದೇ. ಘಾತವನ್ನು 4ರಿಂದ ಭಾಗಿಸಿದಾಗ 3 ಉಳಿದರೆ (11, 23, 67, 71) ಕಗೆ 0 ಮತ್ತು 1. ಆದರೆ 1 ಉಳಿದರೆ (29, 37) ಕಗೆ 0 ಮತ್ತು 3. 2²⁹ − 1 = 233 × 1103 × 2089ರಲ್ಲಿ ಕ ಕ್ರಮವಾಗಿ 4, 19, 36. ಇಲ್ಲಿ 67ರ ನಿಯಮವನ್ನೇ ಉಳಿಸಿಕೊಂಡರೆ 1103 ಸದ್ದಿಲ್ಲದೆ ತಪ್ಪಿಸಿಕೊಳ್ಳುತ್ತದೆ.

ಇನ್ನೂ ಜರಡಿ ಹಿಡಿಯಬೇಕೆಂದರೆ 3, 5, 7, 11ರಿಂದ ಭಾಗವಾಗುವ ಭಗಳನ್ನು ಕೈಬಿಡಬಹುದು. 4×3×5×7×11 = 4620. ಕವನ್ನು 4620 ಗುಂಪುಗಳಾಗಿ ಮಾಡಿದರೆ 2×2×4×6×10 = 960 ಗುಂಪು ಮಾತ್ರ ಬದುಕುತ್ತವೆ. ಸಣ್ಣ ಯಂತ್ರಕ್ಕೆ 11 ಬಿಟ್ಟು 420ರಲ್ಲಿ 96 ಗುಂಪು ಇಟ್ಟುಕೊಂಡರೂ ಚೆನ್ನಾಗಿಯೇ ನಡೆಯುತ್ತದೆ. ಪ್ರೋಗ್ರಾಂ ಆರಂಭದಲ್ಲೇ ಗುಂಪುಗಳನ್ನು ಎಣಿಸಿ 960 ಬಂತೇ ಎಂದು ನೋಡುವ ಸಾಲೊಂದಿರಲಿ. ಆದರೆ 2¹¹ − 1ರ ಮೇಲೆ ತಾಲೀಮು ಮಾಡುವಾಗ ಎಣಿಕೆ 1056 ಬರುತ್ತದೆ, ಗಾಬರಿ ಬೇಡ: 22ಕ + 1 ಎಂದೂ 11ರಿಂದ ಭಾಗವಾಗುವುದಿಲ್ಲ, ಹಾಗಾಗಿ ಆ ಜರಡಿಯಲ್ಲಿ ಏನೂ ಉದುರುವುದಿಲ್ಲ.

ಪರೀಕ್ಷೆ ಮೂರೇ ಹೆಜ್ಜೆ

ಭ ಭಾಗಿಸುತ್ತದೆಯೇ ಎಂದು ನೋಡಲು 21 ಅಂಕಿಯ ಸಂಖ್ಯೆಯನ್ನು ಮುಟ್ಟಬೇಕಾಗಿಲ್ಲ. 67 = 2×33 + 1. ಆದ್ದರಿಂದ 2³³ = 8589934592ನ್ನು ಭದಿಂದ ಭಾಗಿಸಿ ಶೇಷ ತೆಗೆಯಿರಿ, ಅದರ ವರ್ಗದ ಶೇಷ ತೆಗೆಯಿರಿ, ಅದನ್ನು ಇಮ್ಮಡಿ ಮಾಡಿ ಶೇಷ ತೆಗೆಯಿರಿ. 1 ಬಂದರೆ ಭಾಜಕ ಸಿಕ್ಕಿತು. ಪೈಥಾನ್‌ನಲ್ಲಿ ಮೂರು ಅಂಶ ಕೊಡುವ ಘಾತದ ಫಂಕ್ಷನ್ ಇದನ್ನೇ ತಾನಾಗಿ ಮಾಡುತ್ತದೆ. ಅದರ ಬದಲು ಮೊದಲು ಘಾತ, ಆಮೇಲೆ ಶೇಷ ಎಂದು ಬರೆದರೂ ಉತ್ತರ ಸರಿಯೇ, ಆದರೆ ದೊಡ್ಡ ಘಾತಗಳಿಗೆ ಆ ಅಭ್ಯಾಸ ಆಗಿಬರುವುದಿಲ್ಲ.

193707721ಕ್ಕೆ ಮಾಡಿ ನೋಡೋಣ. 8589934592 − 44×193707721 = 66794868. ಅದರ ವರ್ಗ 4461554391137424, ಶೇಷ 96853861. ಇಮ್ಮಡಿ 193707722, ಶೇಷ 1.

ಇಲ್ಲಿ ಕ = 1445580. ಅಲ್ಲಿಯವರೆಗಿನ ಕಗಳಲ್ಲಿ 4ರ ನಿಯಮ ಪಾಲಿಸುವವು 722790. ಬರೀ ಅಷ್ಟು ಮಾಡಿದರೂ ಪೈಥಾನ್‌ಗೆ ಕೆಲವು ಸೆಕೆಂಡಿನ ಕೆಲಸ. 960 ಗುಂಪಿನ ಜರಡಿ ಹಾಕಿದರೆ 3 ಲಕ್ಷಕ್ಕೆ ಇಳಿಯುತ್ತದೆ. ಕಾಗದದ ಮೇಲೆ ಇದನ್ನೇ ಮಾಡಿದ್ದರೆ? ಒಂದಕ್ಕೆ ಹತ್ತು ನಿಮಿಷ ಹಿಡಿದರೂ 50,000 ಗಂಟೆ. ಕೋಲ್ ಈ ದಾರಿಯಲ್ಲಿ ಹೋಗದೆ ವರ್ಗಶೇಷಗಳಿಂದ ಹುಡುಕಾಟದ ಜಾಗವನ್ನು ಕಿರಿದು ಮಾಡುತ್ತ ಬಂದದ್ದು ಸುಮ್ಮನೆ ಅಲ್ಲ.

ಎಲ್ಲಿ ಕೆಡುತ್ತದೆ

ಇಡೀ ಸಂಖ್ಯೆಯನ್ನು ಸಿ ಭಾಷೆಯ 64 ಬಿಟ್‌ನ ಚಿಹ್ನೆಯಿಲ್ಲದ ಪೂರ್ಣಾಂಕದಲ್ಲಿಟ್ಟರೆ ಮೇಲಿನ ಮೂರು ಬಿಟ್ ಉದುರಿ 18446744073709551615 ಉಳಿಯುತ್ತದೆ. ಅದು 3 × 5 × 17 × 257 × 641 × 65537 × 6700417. ಪ್ರೋಗ್ರಾಂ ಖುಷಿಯಿಂದ '3 ಭಾಗಿಸುತ್ತದೆ' ಎಂದು ಹೇಳಿದರೆ ಕಾರಣ ಇದೇ. ನಿಜವಾದ ಸಂಖ್ಯೆಯನ್ನು 3ರಿಂದ ಭಾಗಿಸಿದರೆ 1 ಉಳಿಯುತ್ತದೆ. ದಶಮಾಂಶದ ಮಾದರಿಯಲ್ಲಿ (ಫ್ಲೋಟ್) ಇಟ್ಟರೆ ಅದು 2⁶⁷ ಆಗಿಬಿಡುತ್ತದೆ: ಕೊನೆಯ ಅಂಕಿ 7 ಹೋಗಿ 8, ಸಮಸಂಖ್ಯೆ. ಪೈಥಾನ್‌ನಲ್ಲಿ ಪೂರ್ಣಾಂಕಕ್ಕೆ ಮಿತಿಯಿಲ್ಲ ಎಂದು ನಿಶ್ಚಿಂತೆಯಿಂದಿರುವವರು ಒಂದೇ ಓರೆಗೆರೆಯ ಭಾಗಾಕಾರ ಬಳಸಿ ಇದೇ ಹಳ್ಳಕ್ಕೆ ಬೀಳುತ್ತಾರೆ. ಎರಡು ಓರೆಗೆರೆ ಬೇಕು, ವರ್ಗಮೂಲಕ್ಕೂ ಪೂರ್ಣಾಂಕದ ಫಂಕ್ಷನ್ನೇ ಬೇಕು.

ಪರೀಕ್ಷೆಯ ಒಳಗಿನ ಪೆಟ್ಟಿಗೆ ಬೇರೆ ವಿಷಯ. 32 ಬಿಟ್‌ನ ಚಿಹ್ನೆಸಹಿತ ಪೂರ್ಣಾಂಕದಲ್ಲಿ ಶೇಷ 46340 ದಾಟಿದೊಡನೆ ವರ್ಗ ಉಕ್ಕುತ್ತದೆ; 2³³ ಅಂತೂ ಅಲ್ಲಿ ಹಿಡಿಯುವುದೇ ಇಲ್ಲ, 1ನ್ನು 33 ಸ್ಥಾನ ಎಡಕ್ಕೆ ಸರಿಸಿದರೆ ಏನು ಬರುತ್ತದೆ ಎನ್ನುವುದಕ್ಕೆ ಭಾಷೆಯ ಭರವಸೆಯಿಲ್ಲ. ಚಿಹ್ನೆಯಿಲ್ಲದ 64 ಬಿಟ್‌ನಲ್ಲಿ ಭ 2³² ದಾಟುವವರೆಗೆ, ಅಂದರೆ ಕ 3 ಕೋಟಿ 20 ಲಕ್ಷದವರೆಗೆ, ತೊಂದರೆಯಿಲ್ಲ. ಹಾಗಾಗಿ ಮೊದಲ ಭಾಜಕ ಸಲೀಸಾಗಿ ಸಿಗುತ್ತದೆ. ಅದೇ ಪ್ರೋಗ್ರಾಂಗೆ ಎರಡನೆಯ ಭಾಜಕ 761838257287 ಕೊಟ್ಟು ತಾಳೆ ನೋಡಿದರೆ ಅದು ಭಾಜಕವೇ ಅಲ್ಲ ಎನ್ನುತ್ತದೆ. ಅಲ್ಲಿ 2³³ ಭಕ್ಕಿಂತ ಚಿಕ್ಕದಾದ್ದರಿಂದ ಶೇಷವಾಗಿ ಹಾಗೇ ಉಳಿಯುತ್ತದೆ, ಅದರ ವರ್ಗ 2⁶⁶ 64 ಬಿಟ್‌ನಲ್ಲಿ ಹಿಡಿಯುವುದಿಲ್ಲ, 128 ಬಿಟ್ ಬೇಕು.

ಜಾವಾಸ್ಕ್ರಿಪ್ಟ್‌ನ ಸಾಮಾನ್ಯ ಸಂಖ್ಯೆಯದು ವಿಚಿತ್ರ ಕತೆ. ಅಲ್ಲಿ 2⁵³ = 9007199254740992ರವರೆಗೆ ಪೂರ್ಣಾಂಕ ನಿಖರ. ಶೇಷ 94906265 ದಾಟಿದರೆ ವರ್ಗ ನಿಖರವಲ್ಲ. ನಮ್ಮ ಭಾಜಕಕ್ಕೆ ಬಂದ ಶೇಷ 66794868, ಮಿತಿಯೊಳಗೇ ಇದೆ. ಹೀಗಾಗಿ ತಪ್ಪು ಪ್ರೋಗ್ರಾಂ ಸರಿ ಉತ್ತರ ಕೊಡುತ್ತದೆ! ಅದೇ ಪ್ರೋಗ್ರಾಂ ಶೇಷವನ್ನು ಭ − 66794868 = 126912853 ಎಂದು ಇಟ್ಟುಕೊಂಡಿದ್ದರೆ ಎಡವುತ್ತಿತ್ತು. ಉತ್ತರ ಬಂತೆಂದು ಪ್ರೋಗ್ರಾಂ ಸರಿಯಿದೆ ಎಂದುಕೊಳ್ಳುವುದು ಈ ಕೆಲಸದಲ್ಲಿ ದುಬಾರಿ ಅಭ್ಯಾಸ. ಅಲ್ಲಿ ದೊಡ್ಡ ಪೂರ್ಣಾಂಕದ ಮಾದರಿಯನ್ನೇ ಬಳಸಿ. ಎಕ್ಸೆಲ್ ಉಳಿಸಿಕೊಳ್ಳುವುದು 15 ಅಂಕಿ ಮಾತ್ರ, 16 ಅಂಕಿಯ ಆ ವರ್ಗದ ಕೊನೆಯ 4 ಅಲ್ಲಿ ಸೊನ್ನೆಯಾಗುತ್ತದೆ.

ಸಿಕ್ಕ ಮೇಲೆ

193707721 ಸಿಕ್ಕಿತು, ಭಾಗಲಬ್ಧ 761838257287. ಎರಡೂ ಅವಿಭಾಜ್ಯವೇ? ಇದಕ್ಕೆ ಹೊಸ ಪರೀಕ್ಷೆ ಬೇಡ, ಮಾಡಿದ ಕೆಲಸದಲ್ಲೇ ಉತ್ತರವಿದೆ. ಭಾಗಲಬ್ಧದ ಯಾವ ಭಾಜಕವೂ 134ಕ + 1 ರೂಪದಲ್ಲೇ ಇರಬೇಕು. ಅದರ ವರ್ಗಮೂಲ 872833, ಅಂದರೆ ಕ 6513ರವರೆಗೆ ನೋಡಿದರೆ ಸಾಕು. ಅಷ್ಟನ್ನು ಹುಡುಕಾಟದ ಆರಂಭದಲ್ಲೇ ದಾಟಿ ಬಂದಾಗಿದೆ, ಏನೂ ಸಿಕ್ಕಿರಲಿಲ್ಲ. ಮೊದಲ ಭಾಜಕಕ್ಕಂತೂ ಕ 103ರವರೆಗೆ ಸಾಕು.

ಒಂದು ಎಚ್ಚರ. ಈ ವಾದ ನಿಲ್ಲುವುದು ಕ ಏರುವ ಕ್ರಮದಲ್ಲಿ ಹುಡುಕಿದಾಗ. ಗುಂಪು ಗುಂಪಾಗಿ ಹುಡುಕುವ ಪ್ರೋಗ್ರಾಂ ಒಂದು ಗುಂಪನ್ನು ಕೊನೆಯವರೆಗೆ ಮುಗಿಸಿ ಮುಂದಿನದಕ್ಕೆ ಹೋಗುತ್ತದೆ. ನಮ್ಮ ಕ 4140ನೇ ಗುಂಪಿನಲ್ಲಿದೆ. ಅದು ಸಿಕ್ಕ ಗಳಿಗೆಯಲ್ಲಿ ನಂತರದ ಗುಂಪುಗಳ ಸಣ್ಣ ಕಗಳನ್ನು ಇನ್ನೂ ಮುಟ್ಟಿರುವುದಿಲ್ಲ. ಸಿಕ್ಕಿತೆಂದು ನಿಲ್ಲಿಸದೆ ಉಳಿದ ಗುಂಪುಗಳನ್ನೂ 6513ರವರೆಗಾದರೂ ಓಡಿಸಿ.

ಎರಡೇ ಅವಿಭಾಜ್ಯಗಳು ಎಂದಾದ ಮೇಲೆ ಉಳಿದ ಗುಣಗಳು ಸರಸರನೆ ಬರುತ್ತವೆ. ಒಟ್ಟು ಭಾಜಕಗಳು 4, ಅವುಗಳ ಮೊತ್ತ 147573953351708377936. 1 ಮತ್ತು ತನ್ನನ್ನು ಬಿಟ್ಟು ಉಳಿದ ಎರಡರ ಮೊತ್ತ 762031965008 ಮಾತ್ರ. ಇದು ಅವಿಭಾಜ್ಯವಾಗಿದ್ದರೆ 2⁶⁶ರಿಂದ ಗುಣಿಸಿ ಒಂದು ಪರಿಪೂರ್ಣ ಸಂಖ್ಯೆ (ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತಕ್ಕೆ ಸಮವಾದದ್ದು) ಪಡೆಯಬಹುದಿತ್ತು. ಆ ಆಸೆ ಹೋಯಿತು.

ಅಡ್ಡದಾರಿ: ಪೊಲಾರ್ಡ್ ಅವರ ಪಿ−1

ಪೊಲಾರ್ಡ್ 1974ರಲ್ಲಿ ಕೊಟ್ಟ ಈ ವಿಧಾನ ಭಾಜಕದಿಂದ 1 ಕಳೆದಾಗ ಬರುವ ಸಂಖ್ಯೆ ಸಣ್ಣ ಸಣ್ಣ ಅವಿಭಾಜ್ಯಗಳ ಗುಣಲಬ್ಧವಾಗಿದ್ದರೆ ಫಲಿಸುತ್ತದೆ. ಇಲ್ಲಿ 193707720 = 2³ × 3³ × 5 × 67 × 2677. ದೊಡ್ಡದೆಂದರೆ 2677, ಬಹಳ ಅನುಕೂಲದ ಸಂಖ್ಯೆ. ಮಿತಿ 3000 ಇಟ್ಟು, ಅದರೊಳಗಿನ ಪ್ರತಿ ಅವಿಭಾಜ್ಯದ ಮಿತಿ ಮೀರದ ಅತಿ ದೊಡ್ಡ ಘಾತವನ್ನು ಒಂದೊಂದಾಗಿ ಆಧಾರದ ಮೇಲೆ ಏರಿಸುತ್ತ ಹೋಗಿ. ಕೊನೆಗೆ 1 ಕಳೆದು ಮೂಲ ಸಂಖ್ಯೆಯೊಡನೆ ಮ.ಸಾ.ಅ. ತೆಗೆದರೆ 193707721 ಬರುತ್ತದೆ.

ಎರಡು ಕಡೆ ಕೆಡುತ್ತದೆ. ಆಧಾರ 2 ಇಟ್ಟರೆ ಘಾತದಲ್ಲಿ 67 ಸೇರಿದ ಕ್ಷಣವೇ ಎಲ್ಲವೂ 1 ಆಗಿ, ಮ.ಸಾ.ಅ. ಮೂಲ ಸಂಖ್ಯೆಯೇ ಆಗಿಬಿಡುತ್ತದೆ. ಇಲ್ಲೂ ಆಧಾರ 3 ಬೇಕು. ಎರಡನೆಯದು ಧಾರಾಳತನ. 761838257286 = 2 × 3² × 29 × 67 × 2551 × 8539. ಮಿತಿಯನ್ನು 10,000 ಎಂದಿಟ್ಟರೆ 8539 ಕೂಡ ಒಳಗೆ ಬಂದು ಎರಡೂ ಭಾಜಕಗಳು ಒಟ್ಟಿಗೆ ಬಲೆಗೆ ಬೀಳುತ್ತವೆ, ಮತ್ತೆ ಮೂಲ ಸಂಖ್ಯೆಯೇ ಕೈಗೆ. ಮಿತಿ ದೊಡ್ಡದಾದಷ್ಟೂ ಒಳ್ಳೆಯದೆಂಬ ಎಣಿಕೆ ಇಲ್ಲಿ ಸಲ್ಲದು. ನೂರು ಅವಿಭಾಜ್ಯಗಳಿಗೊಮ್ಮೆ ಮ.ಸಾ.ಅ. ತೆಗೆದು ನೋಡಿದರೆ ಮೊದಲನೆಯದು ಬೇರೆಯಾಗಿ ಸಿಗುತ್ತದೆ. ಈ ದಾರಿಯಲ್ಲಿ ಬಂದವರು ಅವಿಭಾಜ್ಯತೆಯ ತಾಳೆಗಾಗಿ ಕ 6513ರವರೆಗಿನ ಓಟವನ್ನು ಪ್ರತ್ಯೇಕವಾಗಿ ಮಾಡಬೇಕು.

ಅದೇ ಪ್ರೋಗ್ರಾಂ, ಘಾತ 71

67 ಆದ ಮೇಲೆ 71ಕ್ಕೆ ಹಾಕುವುದು ಒಳ್ಳೆಯ ಪರೀಕ್ಷೆ. 134ರ ಜಾಗಕ್ಕೆ 142, 2³³ರ ಜಾಗಕ್ಕೆ 2³⁵. 4ರ ನಿಯಮ ಹಾಗೇ ಇರಲಿ. ಕ 1609ರಲ್ಲೇ 228479 ಸಿಗುತ್ತದೆ. ಉಳಿದ ಭಾಗಲಬ್ಧ 10334355636337793. ಇದು 2⁵³ಕ್ಕಿಂತ ದೊಡ್ಡ ಬೆಸಸಂಖ್ಯೆ, ಆದ್ದರಿಂದ ಫ್ಲೋಟ್‌ನಲ್ಲಿ ಇಟ್ಟರೆ ಆಗಲೇ ಕೆಟ್ಟಿತು. 228479ರ ವರ್ಗ ಇದಕ್ಕಿಂತ ಬಹಳ ಚಿಕ್ಕದು, ಹಾಗಾಗಿ 67ರಲ್ಲಿ ನಿಂತ ವಾದ ಇಲ್ಲಿ ನಿಲ್ಲುವುದಿಲ್ಲ. ಹುಡುಕಾಟ ಮುಂದುವರಿಸಬೇಕು. ಕ 341860ರಲ್ಲಿ 48544121 ಬರುತ್ತದೆ, ಆಗ ಉಳಿಯುವುದು 212885833. 48544121ರ ವರ್ಗ ಇದಕ್ಕಿಂತ ದೊಡ್ಡದು, ಅಷ್ಟು ಹೊತ್ತಿಗೆ ಅದಕ್ಕಿಂತ ಸಣ್ಣ ಕಗಳೆಲ್ಲ ಮುಗಿದಿರುತ್ತವೆ. ಅಲ್ಲಿ ನಿಲ್ಲಿಸಬಹುದು.